ಅಡುಗೆ ಮನೆಗೆ ಓವನ್ ಬಂದಾಗ

ಮೊನ್ನೆ ಮದ್ರಸಾದ ಬೆಳಗಿನ ತರಗತಿ ಮುಗಿಸಿ ಹೊರಡುವಾಗ ವಿದ್ಯಾರ್ಥಿನಿಯೊಬ್ಬಳ ತಾಯಿ ಗೇಟಿನ ಬಳಿ ನನ್ನನ್ನು ನಿಲ್ಲಿಸಿದರು. ಅವರ ತಮ್ಮ ದುಬೈಯಿಂದ ಬಂದಿದ್ದ. ಅಕ್ಕನಿಗೆ ಮಂಗಳೂರಿನ ಅಂಗಡಿಯಿಂದ ಹೊಸ ಓವನ್ ತೆಗೆಸಿಕೊಟ್ಟಿದ್ದ. "ಟೀಚರ್, ಅದರಲ್ಲಿ ಬೇಯಿಸಿದ್ದು ತಿಂದರೆ ಕಾಯಿಲೆ ಬರುತ್ತದೆ ಎನ್ನುತ್ತಾರೆ, ಹೌದಾ? ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ" ಎಂದರು.

ಅವರ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಉತ್ತರ ಗಂಟಲಲ್ಲೇ ನಿಂತಿತು. ಏಕೆಂದರೆ ಅಂಥದ್ದೇ ಓವನ್ ನಮ್ಮ ಮನೆಗೆ ಬಂದಾಗ ನಾನು ಮಾಡಿದ ತಪ್ಪಿನಿಂದ ನನ್ನ ಅತ್ತೆ ಆಸ್ಪತ್ರೆಯಲ್ಲಿ ಎರಡು ರಾತ್ರಿ ಕಳೆದಿದ್ದರು. ಆ ತಪ್ಪನ್ನು ನಾನು ಒಂದು ತಿಂಗಳ ಕಾಲ ಯಂತ್ರದ ತಲೆಗೆ ಕಟ್ಟಿದ್ದೆ. ಸಹೋದರಿಯರೊಂದಿಗೆ ಅದನ್ನು ಹಂಚಿಕೊಂಡರೆ ಯಾರಿಗಾದರೂ ಪ್ರಯೋಜನವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿದೆ. ನಾನು ಓದಿದ್ದು ಮದ್ರಸಾದಲ್ಲಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಅಂಚೆ ಶಿಕ್ಷಣದ ಮೂಲಕ ಬಿ.ಎ. ಮುಗಿಸಿದೆ. ಬೆಳಿಗ್ಗೆ ಮದ್ರಸಾ, ಹತ್ತು ಗಂಟೆಯ ನಂತರ ಶಾಲೆ. ಸಂಜೆ ಬಂದು ಒಲೆಯ ಮುಂದೆ ನಿಂತರೆ ರಾತ್ರಿಯ ತನಕ ಪುರುಸೊತ್ತಿಲ್ಲ. 2017ರಲ್ಲಿ ನನ್ನ ಚಿಟ್ ಫಂಡಿನ ಹಣ ಬಂತು. ಆ ಹಣದಿಂದ ಕಾಂಬಿನೇಷನ್ ಮೈಕ್ರೊವೇವ್ ಓವನ್ ಕೊಂಡೆ. ಬಿಸಿ ಮಾಡುವುದು, ಸುಡುವುದು, ಕೇಕ್ ಬೇಯಿಸುವುದು ಮೂರೂ ಒಂದೇ ಪೆಟ್ಟಿಗೆಯಲ್ಲಿ ಆಗುತ್ತದೆ ಎಂದು ಅಂಗಡಿಯವನು ಹೇಳಿದ್ದ.

ಅತ್ತೆಯನ್ನು ನಾವು ಮಾಮಿ ಎಂದೇ ಕರೆಯುವುದು. ಮಾಮಿಗೆ ಆಗ ಎಪ್ಪತ್ತು ದಾಟಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಓವನನ್ನು ನೋಡಿ ಅವರು, "ಬೆಂಕಿ ಇಲ್ಲದೆ ಬೇಯುವುದು ಅಂದರೆ ಏನು ಮಗಳೇ? ಕಣ್ಣಿಗೆ ಕಾಣದ ಬೆಂಕಿಯನ್ನು ಹೇಗೆ ನಂಬುವುದು?" ಎಂದರು. ನಾನು ನಕ್ಕುಬಿಟ್ಟೆ. ಆ ನಗು ಬೇಡವಾಗಿತ್ತು ಎಂದು ಈಗ ಅನಿಸುತ್ತದೆ. ಅವರು ಕೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು, ಉತ್ತರ ನನಗೂ ಗೊತ್ತಿರಲಿಲ್ಲ.

ಓವನ್ ಬಂದ ಸಂಭ್ರಮದಲ್ಲಿ ನಾನು ಇನ್ನೊಂದು ಕೆಲಸ ಮಾಡಿದೆ. ಅಟ್ಟದಲ್ಲಿದ್ದ ಮಾಮಿಯ ಹಳೆಯ ತಾಮ್ರದ ಪಾತ್ರೆ ಮತ್ತು ನಾಲ್ಕು ಮಣ್ಣಿನ ಚಟ್ಟಿಗಳನ್ನು ತೆಗೆದು, ತಾಮ್ರವನ್ನು ಗುಜರಿಯವನಿಗೆ ಕೊಟ್ಟೆ, ಚಟ್ಟಿಗಳನ್ನು ತೋಟದ ಮೂಲೆಗೆ ಹಾಕಿದೆ. ಬದಲಿಗೆ ಬಣ್ಣ ಬಣ್ಣದ ಮೆಲಮೈನ್ ತಟ್ಟೆ, ಪ್ಲಾಸ್ಟಿಕ್ ಡಬ್ಬಿಗಳು ಬಂದವು. ಮಾಮಿ ಏನೂ ಹೇಳಲಿಲ್ಲ. ಚಟ್ಟಿಗಳಲ್ಲಿ ಒಂದನ್ನು ಮಾತ್ರ ಎತ್ತಿಕೊಂಡು ಹೋಗಿ ತೊಳೆದು ತಮ್ಮ ಕೋಣೆಯ ಕಿಟಕಿಯ ಬಳಿ ಇಟ್ಟುಕೊಂಡರು.

ಆ ಸಹರಿಯ ದಿನ

2018ರ ರಮಝಾನ್ ಮೇ ತಿಂಗಳ ನಡುವಿನಲ್ಲಿ ಆರಂಭವಾಯಿತು. ಕರಾವಳಿಯ ಆ ಸೆಖೆ ನಿಮಗೆ ಗೊತ್ತೇ ಇದೆ, ರಾತ್ರಿಯಲ್ಲೂ ಗಾಳಿ ಆಡುವುದಿಲ್ಲ. ಒಂದು ದಿನ ಇಫ್ತಾರಿಗೆ ನೆಂಟರು ಬಂದಿದ್ದರು. ಸಂಜೆ ಆರು ಗಂಟೆಗೆಲ್ಲ ತುಪ್ಪದನ್ನ ಮಾಡಿ ಇಟ್ಟಿದ್ದೆ. ಎಲ್ಲರೂ ಉಂಡ ಮೇಲೆ ಇನ್ನೂ ಅರ್ಧ ಪಾತ್ರೆ ಉಳಿಯಿತು. ಫ್ರಿಜ್‌ನಲ್ಲಿ ಜಾಗವಿರಲಿಲ್ಲ. ಹೇಗೂ ಸಹರಿಗೆ ಓವನಲ್ಲಿ ಬಿಸಿ ಮಾಡಿದರಾಯಿತು ಎಂದು ಮುಚ್ಚಳ ಮುಚ್ಚಿ ಅಲ್ಲೇ ಕಟ್ಟೆಯ ಮೇಲೆ ಬಿಟ್ಟು ಮಲಗಿದೆ.

ನಾಲ್ಕು ಗಂಟೆಗೆ ಎದ್ದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಅನ್ನ ತುಂಬಿ ಮೂರು ನಿಮಿಷ ಇಟ್ಟೆ. ಅಂಚಿನಲ್ಲಿ ಹೊಗೆಯಾಡುತ್ತಿತ್ತು, ನಡುವೆ ತಣ್ಣಗಿತ್ತು. ಹೊತ್ತಾಗುತ್ತಿತ್ತು, ಹಾಗೆಯೇ ಬಡಿಸಿದೆ. ನನ್ನ ಗಂಡ ಖರ್ಜೂರ ಮತ್ತು ಗಂಜಿಯಷ್ಟೇ ತೆಗೆದುಕೊಂಡರು. ಅನ್ನ ತಿಂದದ್ದು ಮಾಮಿ, ಚಿಕ್ಕ ಮಗ ಮತ್ತು ನಾನು.

ಏಳೂವರೆಯ ಹೊತ್ತಿಗೆ ಮಾಮಿಗೆ ವಾಂತಿ ಶುರುವಾಯಿತು. ನಂತರ ಮಗನಿಗೆ. ನನಗೂ ಹೊಟ್ಟೆ ತೊಳಸುತ್ತಿತ್ತು. ಮಗ ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡ. ಮಾಮಿ ಚೇತರಿಸಲಿಲ್ಲ. ಕೈಕಾಲು ತಣ್ಣಗಾಗಿ, ಕರೆದರೆ ಸರಿಯಾಗಿ ಉತ್ತರವೂ ಬರದಂತಾಯಿತು. ಆಟೋದಲ್ಲಿ ಅವರ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು ಆಸ್ಪತ್ರೆಗೆ ಹೋದದ್ದು ನೆನಪಾದರೆ ಇಂದಿಗೂ ಮೈ ನಡುಗುತ್ತದೆ.

ವೈದ್ಯರು ಡ್ರಿಪ್ ಹಾಕಿಸಿದರು. ನಾದಿನಿಯರು, ನೆರೆಯವರು ಬಂದು, "ಆ ಕರೆಂಟಿನ ಡಬ್ಬಿಯದ್ದೇ ಕೆಲಸ. ಅದರ ಕಿರಣ ಅನ್ನಕ್ಕೆ ಹೋಗಿದೆ" ಎಂದರು. ನಾನು ತಲೆಯಾಡಿಸಿದೆ. ಎಲ್ಲರೂ ಹೋದ ಮೇಲೆ ವೈದ್ಯರು ನನ್ನನ್ನು ಕರೆದು ಒಂದೇ ಪ್ರಶ್ನೆ ಕೇಳಿದರು: "ಅನ್ನ ರಾತ್ರಿಯೆಲ್ಲ ಎಲ್ಲಿತ್ತು?"

ನಾನು ಹೇಳಿದೆ. ಅವರು ಗದರಿಸಲಿಲ್ಲ, ವಿವರಿಸಿದರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಗಳು ಸಾಮಾನ್ಯವಾಗಿ ಇರುತ್ತವೆ. ಅನ್ನ ಬೇಯಿಸಿದರೂ ಅವು ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅವು ಮೊಳೆತು, ಬೆಳೆದು ವಿಷವನ್ನು ಬಿಡುತ್ತವೆ. ಆ ವಿಷಕ್ಕೆ ಬಿಸಿ ತಾಗುವುದೇ ಇಲ್ಲ. ಮತ್ತೆ ಕುದಿಸಿದರೂ ಅದು ಹಾಗೆಯೇ ಇರುತ್ತದೆ. "ಇದನ್ನು ನೀವು ಗ್ಯಾಸಿನಲ್ಲಿ ಬಿಸಿ ಮಾಡಿದ್ದರೂ ಇದೇ ಆಗುತ್ತಿತ್ತು" ಎಂದರು.

ಅಂದರೆ ತಪ್ಪು ಓವನಿನದ್ದಲ್ಲ, ನನ್ನದು. ಇದು ನನಗೆ ಗೊತ್ತಾಯಿತು. ಆದರೆ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಓವನಿಗೆ ಬಟ್ಟೆ ಮುಚ್ಚಿ ಮೂಲೆಗೆ ತಳ್ಳಿದೆ. ಕೇಳಿದವರಿಗೆಲ್ಲ, "ಅದು ಬೇಡಪ್ಪಾ" ಎಂದೆ.

ರಮಝಾನ್ ರಜೆ ಮುಗಿದು ಮದ್ರಸಾ ಮತ್ತೆ ತೆರೆಯಿತು. ನನ್ನ ತರಗತಿಯಲ್ಲಿ ಅಂದಿನ ಪಾಠ ಸತ್ಯ ಹೇಳುವುದರ ಬಗ್ಗೆ. ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಯಾರೂ ಕೇಳದಿದ್ದರೆ ಹೇಳಬೇಕಾ?" ಎಂದಳು. ನಾನು ಪುಸ್ತಕದಲ್ಲಿದ್ದ ಉತ್ತರ ಕೊಟ್ಟೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆ ಬಂತು.

ಅಂದು ಅಸರ್ ನಮಾಝ್ ಆದ ಮೇಲೆ ಮಾಮಿಯ ಬಳಿ ಕುಳಿತು ಎಲ್ಲ ಹೇಳಿದೆ. ಅವರು ತಸ್ಬೀಹ್ ಪಕ್ಕಕ್ಕಿಟ್ಟು, "ನನಗೆ ಅಂದೇ ಗೊತ್ತಿತ್ತು ಮಗಳೇ. ರಾತ್ರಿ ನೀರು ಕುಡಿಯಲು ಎದ್ದಾಗ ಅನ್ನದ ಪಾತ್ರೆ ಕಟ್ಟೆಯ ಮೇಲಿತ್ತು. ಸೆಖೆಗೆ ಅನ್ನ ಉಳಿಯುವುದಿಲ್ಲ ಅಂತ ನನಗೂ ಹೊಳೆಯಬೇಕಿತ್ತು" ಎಂದರು.

"ಹಾಗಾದರೆ ಅಂದು ಎಲ್ಲರ ಮುಂದೆ ಯಾಕೆ ಹೇಳಲಿಲ್ಲ?" ಎಂದೆ.

"ಅಷ್ಟು ಜನರ ಮುಂದೆ ಹೇಳಿದರೆ ನಿನ್ನ ಮುಖ ಎಲ್ಲಿಡುತ್ತೀ?"

ನನಗೆ ಅಳು ತಡೆಯಲಾಗಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅವರೇ, "ಆ ಡಬ್ಬಿಯನ್ನು ತೆಗೆ. ದುಡ್ಡು ಕೊಟ್ಟದ್ದಲ್ಲವೇ? ಆದರೆ ಈ ಸಲ ಕಲಿತು ಉಪಯೋಗಿಸು" ಎಂದರು.

ಕಾಣದ ಬೆಂಕಿ ಎಂದರೇನು?

ಹಾಗೆ ನಾನು ಕಲಿಯಲು ಕುಳಿತೆ. ಓವನಿನ ಜೊತೆ ಬಂದ, ಒಮ್ಮೆಯೂ ತೆರೆಯದ ಕೈಪಿಡಿಯನ್ನು ಮೊದಲು ಓದಿದೆ. ಆಮೇಲೆ ಶಾಲೆಯ ವಿಜ್ಞಾನ ಶಿಕ್ಷಕಿಯನ್ನು ಕಾಡಿದೆ.

ಈ ಯಂತ್ರ ಹುಟ್ಟಿದ್ದು ಅಡುಗೆಗಾಗಿ ಅಲ್ಲ. ಅಮೆರಿಕದ ರೇಥಿಯನ್ ಕಂಪೆನಿಯಲ್ಲಿ ರಾಡಾರ್ ಉಪಕರಣದ ಮೇಲೆ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬವರು, ತಮ್ಮ ಕಿಸೆಯಲ್ಲಿದ್ದ ಸಿಹಿತಿಂಡಿ ಕರಗಿದ್ದನ್ನು ಕಂಡು ಈ ಅಲೆಗಳಿಂದ ಆಹಾರ ಬಿಸಿಯಾಗುತ್ತದೆ ಎಂದು ಗುರುತಿಸಿದರು. 1945ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಮಾರಾಟಕ್ಕೆ ಬಂದ ಮೊದಲ ಓವನ್ ಆಳೆತ್ತರವಿತ್ತು, ತೂಕ ಮುನ್ನೂರು ಕಿಲೋಗೂ ಹೆಚ್ಚು. ಅಡುಗೆ ಕಟ್ಟೆಯ ಮೇಲೆ ಕೂರುವಂಥದ್ದು ಅಲ್ಲಿ ಜನಪ್ರಿಯವಾದದ್ದು 1967ರ ನಂತರ.

ಓವನಿನ ಒಳಗೆ ಮ್ಯಾಗ್ನೆಟ್ರಾನ್ ಎಂಬ ಭಾಗ ವಿದ್ಯುತ್ತನ್ನು ಸೂಕ್ಷ್ಮ ಅಲೆಗಳನ್ನಾಗಿ ಮಾಡುತ್ತದೆ. ಇವು ರೇಡಿಯೋ, ಮೊಬೈಲ್ ಅಲೆಗಳ ಕುಟುಂಬಕ್ಕೆ ಸೇರಿದವು. ಈ ಅಲೆಗಳು ಆಹಾರದಲ್ಲಿರುವ ನೀರಿನ ಕಣಗಳನ್ನು ಅಲ್ಲಾಡಿಸುತ್ತವೆ, ಅದರಿಂದ ಬಿಸಿ ಹುಟ್ಟುತ್ತದೆ. ಎಕ್ಸ್‌-ರೇಯಂತೆ ಇವು ಕಣಗಳನ್ನು ಒಡೆಯುವುದಿಲ್ಲ. ಓವನ್ ಆರಿಸಿದ ಕ್ಷಣದಲ್ಲೇ ಅಲೆಗಳೂ ಇಲ್ಲವಾಗುತ್ತವೆ, ಬಲ್ಬು ಆರಿಸಿದರೆ ಬೆಳಕು ಹೋದಂತೆ. ಆಹಾರದಲ್ಲಿ ಯಾವ ಕಿರಣವೂ ಉಳಿದುಕೊಳ್ಳುವುದಿಲ್ಲ.

ಹೊರಗೆ ಸೋರದಂತೆ ಬಾಗಿಲಲ್ಲಿ ಲೋಹದ ಜಾಲರಿ ಇರುತ್ತದೆ. ಅಮೆರಿಕದಲ್ಲಿ 1971ರಿಂದಲೇ ಇದಕ್ಕೆ ಮಿತಿ ಇದೆ: ಓವನಿನಿಂದ 5 ಸೆಂ.ಮೀ. ದೂರದಲ್ಲಿ ಪ್ರತಿ ಚದರ ಸೆಂ.ಮೀ.ಗೆ 5 ಮಿಲಿವ್ಯಾಟ್ ಮೀರಬಾರದು. ದೂರ ಹೋದಂತೆ ಅದು ಬೇಗನೆ ಕಡಿಮೆಯಾಗುತ್ತದೆ. ನಾವು ನೋಡಬೇಕಾದದ್ದು ಇಷ್ಟೇ: ಬಾಗಿಲು ಸರಿಯಾಗಿ ಮುಚ್ಚುತ್ತಿದೆಯೇ, ಅಂಚಿನಲ್ಲಿ ಜಿಡ್ಡು ಕಟ್ಟಿದೆಯೇ, ಕೀಲು ಸಡಿಲವಾಗಿದೆಯೇ. ಬಾಗಿಲು ಡೊಂಕಾದ ಓವನನ್ನು ರಿಪೇರಿ ಮಾಡಿಸದೆ ಬಳಸಬಾರದು.

ಇನ್ನೊಂದು ಮುಖ್ಯ ವಿಷಯ, ಈ ಅಲೆಗಳು ಆಹಾರದ ಒಳಕ್ಕೆ ಎರಡು ಮೂರು ಸೆಂಟಿಮೀಟರ್‌ನಷ್ಟು ಮಾತ್ರ ಇಳಿಯುತ್ತವೆ. ಅದಕ್ಕಿಂತ ಒಳಗಿನ ಭಾಗ ಬೇಯುವುದು ಹೊರಗಿನ ಬಿಸಿ ನಿಧಾನವಾಗಿ ಒಳಗೆ ಹೋಗುವುದರಿಂದ. ನನ್ನ ಡಬ್ಬಿಯ ಅಂಚು ಹೊಗೆಯಾಡಿ ನಡು ತಣ್ಣಗಿದ್ದ ಕಾರಣ ಇದೇ. ಆದ್ದರಿಂದಲೇ ಆಹಾರವನ್ನು ಗುಡ್ಡೆ ಹಾಕದೆ ತೆಳ್ಳಗೆ ಹರಡಬೇಕು, ನಡುವೆ ಒಮ್ಮೆ ತೆಗೆದು ಕಲಕಬೇಕು, ಆಮೇಲೆ ಎರಡು ನಿಮಿಷ ಹಾಗೆಯೇ ಬಿಡಬೇಕು.

ಯಾವ ಪಾತ್ರೆ, ಯಾವಾಗ?

ಕಾಂಬಿನೇಷನ್ ಓವನಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಪೆಟ್ಟಿಗೆ ಒಂದೇ ಆದರೂ ಅದರೊಳಗೆ ಮೂರು ಬೇರೆ ಬೇರೆ ಒಲೆಗಳಿವೆ. ಒಂದಕ್ಕೆ ಆಗುವ ಪಾತ್ರೆ ಇನ್ನೊಂದಕ್ಕೆ ಆಗುವುದಿಲ್ಲ.

ಮೈಕ್ರೊವೇವ್ ಮಾತ್ರ ಬಳಸುವಾಗ ಶಾಖ ತಡೆಯುವ ಗಾಜು, ಚಿನ್ನ ಬೆಳ್ಳಿಯ ಗೆರೆಯಿಲ್ಲದ ಪಿಂಗಾಣಿ ಒಳ್ಳೆಯದು. ಸ್ಟೀಲ್, ಅಲ್ಯುಮಿನಿಯಂ, ಫಾಯಿಲ್ ಬೇಡ, ಕಿಡಿ ಹಾರಬಹುದು.

ಕನ್ವೆಕ್ಷನ್‌ನಲ್ಲಿ ಕಾದ ಗಾಳಿಯನ್ನು ಫ್ಯಾನ್ ತಿರುಗಿಸುತ್ತದೆ. ಅದು ಬೇಕರಿಯ ಒಲೆಯಂತೆ. ಇದರಲ್ಲಿ ಲೋಹದ ಕೇಕ್ ಪಾತ್ರೆ ಇಡಬಹುದು. ಪ್ಲಾಸ್ಟಿಕ್ ಮಾತ್ರ ಖಂಡಿತ ಬೇಡ, ಡಬ್ಬಿಯ ಮೇಲೆ 'ಮೈಕ್ರೊವೇವ್ ಸೇಫ್' ಎಂದು ಬರೆದಿದ್ದರೂ ಕೂಡ. ನಾನು ಒಮ್ಮೆ ಅಂಥ ಡಬ್ಬಿಯನ್ನು ಇನ್ನೂ ಬಿಸಿಯಿದ್ದ ಓವನಿನೊಳಗೆ ಇಟ್ಟು ಮರೆತೆ. ಅದು ಮಡಚಿ ಮುದ್ದೆಯಾಗಿ ತಟ್ಟೆಗೆ ಅಂಟಿಕೊಂಡಿತು.

ಗ್ರಿಲ್‌ನಲ್ಲಿ ಮೇಲಿನ ಕಾದ ಸರಳು ನೇರವಾಗಿ ಸುಡುತ್ತದೆ. ಅದಕ್ಕೆ ಓವನಿನ ಜೊತೆ ಕೊಟ್ಟ ಎತ್ತರದ ಸ್ಟ್ಯಾಂಡ್ ಬೇಕು. ಪ್ಲಾಸ್ಟಿಕ್, ಕಾಗದ ಬೇಡ.

ಮೈಕ್ರೊವೇವ್ ಮತ್ತು ಕನ್ವೆಕ್ಷನ್ ಒಟ್ಟಿಗೆ ನಡೆಯುವ ಕಾಂಬಿನೇಷನ್‌ನಲ್ಲಿ ಎರಡರ ನಿಯಮವೂ ಅನ್ವಯ. ಲೋಹವೂ ಬೇಡ, ಪ್ಲಾಸ್ಟಿಕೂ ಬೇಡ. ಶಾಖ ತಡೆಯುವ ಗಾಜೇ ಉತ್ತಮ. ಓವನಿನ ಕಂಪೆನಿಯೇ ಕೊಟ್ಟ ಸ್ಟ್ಯಾಂಡನ್ನು ಕೈಪಿಡಿಯಲ್ಲಿ ಹೇಳಿದಂತೆ ಬಳಸಬಹುದು.

ಹಾಗಾಗಿ ಒಂದೇ ಪಾತ್ರೆ ಕೊಳ್ಳುವಷ್ಟು ಹಣವಿದ್ದರೆ ಮುಚ್ಚಳವಿರುವ, ಅಗಲವಾದ ಬೋರೋಸಿಲಿಕೇಟ್ ಗಾಜಿನ ಬಟ್ಟಲನ್ನು ಕೊಳ್ಳಿ. ಈ ಗಾಜು ಬಿಸಿಗೆ ಬಹಳ ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಬೇಗ ಒಡೆಯುವುದಿಲ್ಲ. ಆದರೂ ಫ್ರಿಜ್‌ನಿಂದ ತೆಗೆದ ಬಟ್ಟಲನ್ನು ನೇರವಾಗಿ ಕಾದ ಓವನಿಗೆ ಇಡಬೇಡಿ. ಬಿಸಿ ಬಟ್ಟಲನ್ನು ಒದ್ದೆ ಗ್ರಾನೈಟ್ ಕಟ್ಟೆಯ ಮೇಲೆ ಇಡದೆ ಒಣ ಬಟ್ಟೆ ಅಥವಾ ಮರದ ಹಲಗೆಯ ಮೇಲಿಡಿ.

ಮನೆಯಲ್ಲಿರುವ ಪಿಂಗಾಣಿ ಪಾತ್ರೆ ಮೈಕ್ರೊವೇವ್‌ಗೆ ಆಗುತ್ತದೆಯೋ ಎಂದು ನೋಡಲು ಸುಲಭ ಪರೀಕ್ಷೆಯಿದೆ. ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ಲೋಟ ನೀರಿಟ್ಟು ಒಂದು ನಿಮಿಷ ಓವನ್ ನಡೆಸಿ. ನೀರು ಬೆಚ್ಚಗಾಗಿ ಪಾತ್ರೆ ತಣ್ಣಗಿದ್ದರೆ ಅದನ್ನು ಬಳಸಬಹುದು. ಪಾತ್ರೆಯೇ ಕಾದಿದ್ದರೆ ಅದು ಬೇಡ. ಲೋಹದ ಪಾತ್ರೆಗೆ ಈ ಪರೀಕ್ಷೆ ಮಾಡಬಾರದು.

ಮೆಲಮೈನ್ ತಟ್ಟೆಗಳನ್ನು ಓವನಿನಲ್ಲಿ ಇಡಲೇಬಾರದು. ಬಿಸಿ ಹೆಚ್ಚಾದಾಗ, ಅದರಲ್ಲೂ ಹುಳಿ ಪದಾರ್ಥವಿದ್ದಾಗ, ಅದರ ರಾಸಾಯನಿಕ ಆಹಾರಕ್ಕೆ ಇಳಿಯುತ್ತದೆ. ಅವು ತಣ್ಣನೆಯ ತಿಂಡಿ ಬಡಿಸಲು ಸಾಕು. ಪ್ಲಾಸ್ಟಿಕ್ ಡಬ್ಬಿಯ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕೆ ಇರುತ್ತದೆ. 5 ಎಂದಿದ್ದರೆ ಅದು ಪಾಲಿಪ್ರೊಪಿಲೀನ್, ಬಿಸಿಯನ್ನು ಸ್ವಲ್ಪ ತಡೆಯುತ್ತದೆ. ನೀರಿನ ಬಾಟಲಿಯ 1, ಥರ್ಮೋಕೋಲ್ ತಟ್ಟೆಯ 6 ಬಿಸಿಗೆ ಆಗುವಂಥದ್ದಲ್ಲ. ಹೋಟೆಲಿನ ತೆಳು ಡಬ್ಬಿ, ಐಸ್‌ಕ್ರೀಮ್ ಡಬ್ಬಿಗಳಲ್ಲಿ ಬಿಸಿ ಮಾಡಬಾರದು. ಎಣ್ಣೆ, ತುಪ್ಪ ಇರುವ ಪದಾರ್ಥ ನೀರಿಗಿಂತ ಹೆಚ್ಚು ಕಾಯುತ್ತದೆ. ಆದ್ದರಿಂದ ಬಿರಿಯಾನಿ, ಸಾರುಗಳನ್ನು ಬಿಸಿ ಮಾಡಲು ನಾನು ಈಗ ಗಾಜನ್ನೇ ಬಳಸುತ್ತೇನೆ. ಪ್ಲಾಸ್ಟಿಕ್ ನಮ್ಮ ಮನೆಯಲ್ಲಿ ಬೇಳೆಕಾಳು ತುಂಬಿಡಲು ಮಾತ್ರ.

ಮಾಮಿಯ ಪಾತ್ರೆಗಳು

ಪಾತ್ರೆಗಳ ಬಗ್ಗೆ ಓದುತ್ತಾ ಹೋದಂತೆ, ನಾನು ಹೊರಗೆ ಹಾಕಿದ ಪಾತ್ರೆಗಳ ಬೆಲೆ ತಿಳಿಯಿತು. ಮಾಮಿಗೆ ಯಾರೂ ಪುಸ್ತಕದಿಂದ ಕಲಿಸಿರಲಿಲ್ಲ. ಆದರೂ ಹುಣಸೆ ಹುಳಿ ಹಾಕಿದ ಮೀನು ಸಾರನ್ನು ಅವರು ಮಣ್ಣಿನ ಚಟ್ಟಿಯಲ್ಲಲ್ಲದೆ ಬೇರೆಯದರಲ್ಲಿ ಮಾಡುತ್ತಿರಲಿಲ್ಲ. ತಾಮ್ರದ ಪಾತ್ರೆಗೆ ಕಲಾಯಿ ಹೋದದ್ದು ಕಂಡರೆ ಮುಟ್ಟುತ್ತಿರಲಿಲ್ಲ. ಹಿಂದೆ ಬೀದಿಗೆ ಕಲಾಯಿಯವರು ಬರುತ್ತಿದ್ದರು. ತಿದಿಯೊತ್ತಿ, ಪಾತ್ರೆ ಕಾಯಿಸಿ, ನವಸಾಗರದ ಪುಡಿ ಉಜ್ಜಿ, ತವರವನ್ನು ಹತ್ತಿಯಿಂದ ಒಳಗೆಲ್ಲ ಸವರಿದರೆ ಪಾತ್ರೆ ಬೆಳ್ಳಿಯಂತೆ ಹೊಳೆಯುತ್ತಿತ್ತು. ಹುಳಿ ತಾಗಿ ತಾಮ್ರ ಆಹಾರಕ್ಕೆ ಇಳಿಯದಿರಲಿ ಎಂದೇ ಈ ಕೆಲಸ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಇದೇ ಮಾತಿದೆ. ಅಲ್ಯುಮಿನಿಯಂ, ಕಬ್ಬಿಣ, ಕಲಾಯಿಯಿಲ್ಲದ ತಾಮ್ರ ಹಿತ್ತಾಳೆಯಲ್ಲಿ ಚಟ್ನಿ, ಸಾಂಬಾರಿನಂಥ ಹುಳಿ ಪದಾರ್ಥಗಳನ್ನು ಇಡಬಾರದು ಎಂದು ಅದು ಹೇಳುತ್ತದೆ. ಮಣ್ಣಿನ ಪಾತ್ರೆ ಸುರಕ್ಷಿತ, ನಾನ್‌ಸ್ಟಿಕ್ ಪಾತ್ರೆಯನ್ನು 170 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದು ಎಂದೂ ಎಚ್ಚರಿಸುತ್ತದೆ. ನಾನ್‌ಸ್ಟಿಕ್ ತವಾವನ್ನು ಖಾಲಿಯಾಗಿ ಉರಿಯ ಮೇಲೆ ಬಿಟ್ಟು ಫೋನಿನಲ್ಲಿ ಮಾತನಾಡುವ ಅಭ್ಯಾಸ ನಮಗಿದ್ದರೆ ಅದನ್ನು ಇಂದೇ ಬಿಡಬೇಕು. ಲೇಪ ಎದ್ದುಹೋದ ತವಾವನ್ನೂ ಬಿಡಬೇಕು.

ಪಾತ್ರೆ ಕೊಳ್ಳುವಾಗ ಅಗ್ಗಕ್ಕೆ ಮರುಳಾಗಬಾರದು. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರ ಆಗಸ್ಟಿನಲ್ಲಿ, ಹೊರದೇಶಗಳಿಂದ ಬಂದ ಕೆಲವು ಅಲ್ಯುಮಿನಿಯಂ, ಹಿತ್ತಾಳೆ, ಹಿಂಡಾಲಿಯಂ ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯಬಹುದೆಂದು ಎಚ್ಚರಿಸಿತು. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಕರ, ಬಸುರಿ ಹೆಂಗಸರಿಗೂ ಅಪಾಯ. ಸ್ಟೀಲ್ ಮತ್ತು ಅಲ್ಯುಮಿನಿಯಂ ಪಾತ್ರೆಗಳಿಗೆ ಐಎಸ್‌ಐ ಮುದ್ರೆ ಬೇಕೆಂದು ನಮ್ಮ ಕೇಂದ್ರ ಸರಕಾರ 2024ರಲ್ಲಿ ಆದೇಶ ಹೊರಡಿಸಿತು. ಗುಜರಿ ಕರಗಿಸಿ ಮಾಡಿದ, ಹೆಸರಿಲ್ಲದ ಪಾತ್ರೆಗಿಂತ ಮುದ್ರೆಯಿರುವ ಒಂದು ಸ್ಟೀಲ್ ಪಾತ್ರೆ ಮೇಲು.

ಗುಜರಿಗೆ ಹೋದ ತಾಮ್ರದ ಪಾತ್ರೆ ಮರಳಿ ಬರಲಿಲ್ಲ. ಕಿಟಕಿಯ ಬಳಿ ಇದ್ದ ಚಟ್ಟಿಯನ್ನು ಕೇಳಿ ತಂದು ಮತ್ತೆ ಅಡುಗೆ ಮನೆಯಲ್ಲಿಟ್ಟೆ. ಮೀನು ಸಾರು ಇಂದಿಗೂ ನಮ್ಮಲ್ಲಿ ಅದರಲ್ಲೇ, ಗ್ಯಾಸಿನ ಮೇಲೆ. ಓವನ್ ಬಂದಿತೆಂದು ಎಲ್ಲವನ್ನೂ ಅದರಲ್ಲೇ ಮಾಡಬೇಕಾಗಿಲ್ಲ.

ನಾನು ಓವನಿನಲ್ಲಿ ಮಾಡುವ ಅಡುಗೆ

ಒಂದು ಕಿಲೋ ಕೋಳಿಗೆ ಮೊಸರು, ಶುಂಠಿ ಬೆಳ್ಳುಳ್ಳಿ, ಮೆಣಸಿನ ಹುಡಿ, ಅರಶಿನ, ಗರಂ ಮಸಾಲೆ, ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಮೂರು ಗಂಟೆ ಇಡಿ. ಓವನಿಗೆ ಇಡುವ ಮೊದಲು ಸ್ವಲ್ಪ ಹೊತ್ತು ಹೊರಗಿಡಿ. ಗಾಜಿನ ಬಟ್ಟಲಲ್ಲಿ ತುಂಡುಗಳನ್ನು ಒಂದೇ ಪದರವಾಗಿ ಜೋಡಿಸಿ. ದಪ್ಪ ಭಾಗ ಹೊರ ಅಂಚಿಗೆ, ತೆಳು ಭಾಗ ನಡುವಿಗೆ ಇರಲಿ. ಕಾಂಬಿನೇಷನ್‌ನಲ್ಲಿ 200 ಡಿಗ್ರಿಗೆ 25ರಿಂದ 30 ನಿಮಿಷ, ಅರ್ಧದಲ್ಲಿ ಒಮ್ಮೆ ತಿರುಗಿಸಿ. ದಪ್ಪ ತುಂಡಿನ ಎಲುಬಿನ ಬಳಿ ಚುಚ್ಚಿದಾಗ ಕೆಂಪು ನೀರು ಬರಬಾರದು. ಎರಡು ಚಮಚ ಎಣ್ಣೆ ಸಾಕು. ಕಾಯಿಸಿದ ಎಣ್ಣೆಯಲ್ಲಿ ಕರಿದ ಕೋಳಿಗಿಂತ ಮಾಮಿಯ ಹೊಟ್ಟೆಗೆ ಇದು ಹಗುರ.

ಬಂಗುಡೆಗೆ ಅಡ್ಡ ಗೀರು ಹಾಕಿ ಮಸಾಲೆ ತುಂಬಿ, ಎತ್ತರದ ಸ್ಟ್ಯಾಂಡಿನ ಮೇಲೆ ಗ್ರಿಲ್‌ನಲ್ಲಿ ಒಂದೊಂದು ಬದಿಗೆ 8ರಿಂದ 10 ನಿಮಿಷ. ಕೆಳಗೆ ರಸ ಬೀಳಲು ತಟ್ಟೆಯಿಡಿ, ಇಲ್ಲವಾದರೆ ತೊಳೆಯುವ ಕೆಲಸವೇ ಹೆಚ್ಚು.

ಒಂದು ಲೋಟ ಬಾಸ್ಮತಿ ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಎರಡು ಲೋಟ ನೀರು ಹಾಕಿ, ದೊಡ್ಡ ಬಟ್ಟಲಲ್ಲಿ ಮುಚ್ಚಳ ಓರೆಯಾಗಿಟ್ಟು ಪೂರ್ಣ ಶಕ್ತಿಯಲ್ಲಿ ಹತ್ತು ನಿಮಿಷ, ಅರ್ಧ ಶಕ್ತಿಯಲ್ಲಿ ಐದು ನಿಮಿಷ ಇಡಿ. ಆಮೇಲೆ ಐದು ನಿಮಿಷ ತೆರೆಯಬೇಡಿ. ಬಟ್ಟಲು ಚಿಕ್ಕದಾದರೆ ಗಂಜಿಯೆಲ್ಲ ಉಕ್ಕುತ್ತದೆ. ಬೀನ್ಸ್, ಕ್ಯಾರೆಟ್‌ನಂಥ ತರಕಾರಿಗೆ ಮೂರು ಚಮಚ ನೀರು ಚಿಮುಕಿಸಿ ನಾಲ್ಕೈದು ನಿಮಿಷ ಸಾಕು. ನೀರು ಕಡಿಮೆ, ಹೊತ್ತೂ ಕಡಿಮೆಯಾದ್ದರಿಂದ ನೀರಿನೊಂದಿಗೆ ಹೋಗಿಬಿಡುವ ಸಿ ಜೀವಸತ್ವ ಹೆಚ್ಚು ಉಳಿಯುತ್ತದೆ. ಉಳಿದ ಅಕ್ಕಿ ರೊಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 20 ಸೆಕೆಂಡ್ ಇಟ್ಟರೆ ಮೆತ್ತಗಾಗುತ್ತದೆ.

ಪುಸ್ತಕದಲ್ಲಿ ಬರೆದ ಸಮಯ ನಿಮ್ಮ ಓವನಿಗೆ ಹೊಂದದಿರಬಹುದು. 900 ವ್ಯಾಟಿನಲ್ಲಿ ಐದು ನಿಮಿಷದ ಕೆಲಸಕ್ಕೆ 700 ವ್ಯಾಟಿನಲ್ಲಿ ಆರೂವರೆ ನಿಮಿಷ ಬೇಕು. ಮೊದಲು ಕಡಿಮೆ ಹೊತ್ತು ಇಟ್ಟು ನೋಡಿ, ಸಾಲದಿದ್ದರೆ ಮತ್ತೆ ಇಡಬಹುದು. ಒಣಗಿ ಹೋದದ್ದನ್ನು ಸರಿಪಡಿಸಲಾಗದು.

ಮರೆಯಬಾರದ ಕೆಲವು ಮಾತುಗಳು

ಇಡೀ ಮೊಟ್ಟೆಯನ್ನು ಮೈಕ್ರೊವೇವ್‌ನಲ್ಲಿ ಇಡಬೇಡಿ, ಬೇಯಿಸಿದ ಮೊಟ್ಟೆಯೂ ಸಿಡಿಯುತ್ತದೆ. ಬಿಗಿ ಮುಚ್ಚಳದ ಪಾತ್ರೆಯೂ ಹಾಗೆಯೇ. ಬರಿಯ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದು ಕುದಿಯದೆ ಸುಮ್ಮನಿದ್ದು, ಲೋಟ ಅಲ್ಲಾಡಿಸಿದಾಗ ಅಥವಾ ಚಹಾ ಹುಡಿ ಹಾಕಿದಾಗ ಒಮ್ಮೆಲೇ ಮುಖಕ್ಕೆ ಚಿಮ್ಮಬಹುದು. ಒಳಗೆ ಒಂದು ಮರದ ಚಮಚ ಇಟ್ಟು ಕಾಯಿಸಿ, ಆರಿಸಿದ ಮೇಲೆ ಅರ್ಧ ನಿಮಿಷ ಮುಟ್ಟಬೇಡಿ.

ಮಗುವಿನ ಹಾಲಿನ ಬಾಟಲಿಯನ್ನು ಓವನಿನಲ್ಲಿ ಬಿಸಿ ಮಾಡಬೇಡಿ. ಬಾಟಲಿ ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ಅಲ್ಲಲ್ಲಿ ಹಾಲು ಸುಡುವಷ್ಟು ಕಾದಿರುತ್ತದೆ. ಬಿಸಿ ನೀರಿನಲ್ಲಿ ಬಾಟಲಿ ಇಡುವ ಹಳೆಯ ಕ್ರಮವೇ ಒಳ್ಳೆಯದು.

ಕನ್ವೆಕ್ಷನ್ ಓವನ್ ಎರಡು ಸಾವಿರ ವ್ಯಾಟಿಗಿಂತಲೂ ಹೆಚ್ಚು ವಿದ್ಯುತ್ ಎಳೆಯಬಹುದು. ಅದಕ್ಕೆ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸಿಗೆ ಸಿಕ್ಕಿಸಬೇಡಿ. ಗಾಳಿಯಾಡಲು ಹಿಂದೆ, ಮೇಲೆ ಜಾಗ ಬಿಡಿ. ಖಾಲಿ ಓವನನ್ನು ಮೈಕ್ರೊವೇವ್‌ನಲ್ಲಿ ನಡೆಸಬೇಡಿ. ವಾಸನೆ ಬಂದರೆ ಒಂದು ಬಟ್ಟಲು ನೀರಿಗೆ ಲಿಂಬೆ ತುಂಡು ಹಾಕಿ ಮೂರು ನಿಮಿಷ ಕಾಯಿಸಿ, ಪ್ಲಗ್ ತೆಗೆದು ಒಳಗೆಲ್ಲ ಒರೆಸಿ.

ಎಲ್ಲಕ್ಕಿಂತ ಮುಖ್ಯವಾದದ್ದು ಅನ್ನದ ವಿಷಯ. ಉಳಿದ ಅನ್ನ, ಬಿರಿಯಾನಿಯನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದೆರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಮರುದಿನ ಒಮ್ಮೆ ಮಾತ್ರ, ನಡುವೆ ಕಲಕುತ್ತಾ, ಒಳಗೂ ಹೊಗೆಯಾಡುವಷ್ಟು ಬಿಸಿ ಮಾಡಿ. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಯಾವ ಒಲೆಯೂ ಸರಿಪಡಿಸದು. ಆಹಾರ ಹಾಳಾಗಬಾರದೆಂಬ ಮನಸ್ಸು ಒಳ್ಳೆಯದೇ. ಅದಕ್ಕೆ ಅಳತೆ ನೋಡಿ ಬೇಯಿಸುವುದು, ಹೆಚ್ಚಾದದ್ದನ್ನು ಅಂದೇ ನೆರೆಮನೆಗೆ ಕೊಡುವುದು ದಾರಿ. ಈಗ ನಮ್ಮ ಮನೆಯಲ್ಲಿ ಇಫ್ತಾರ್ ಮುಗಿದ ಕೂಡಲೇ, ತರಾವೀಹ್‌ಗೆ ಹೋಗುವ ಮೊದಲೇ, ಉಳಿದದ್ದಕ್ಕೆ ಒಂದು ವ್ಯವಸ್ಥೆ ಆಗಿರುತ್ತದೆ. ಸಹರಿಗೆ ಅನ್ನ ಬೇಕೆಂದರೆ ಅಕ್ಕಿ ನೆನೆಸಿಟ್ಟು ಆಗಲೇ ಬೇಯಿಸುತ್ತೇನೆ.

ಮಾಮಿಗೆ ಕನ್ನಡ ಓದಲು ಬಾರದು. ಓವನಿನ ಗುಂಡಿಗಳಲ್ಲಿ 30 ಸೆಕೆಂಡಿನ ಗುಂಡಿಗೆ ಹಸಿರು ಸ್ಟಿಕ್ಕರ್, ನಿಲ್ಲಿಸುವ ಗುಂಡಿಗೆ ಕೆಂಪು ಸ್ಟಿಕ್ಕರ್ ಅಂಟಿಸಿಕೊಟ್ಟೆ. ಅವರಿಗಾಗಿ ಹಿಡಿಯಿರುವ ಒಂದು ಗಾಜಿನ ಬಟ್ಟಲನ್ನು ಬೇರೆಯೇ ಇಟ್ಟೆ. ಮಧ್ಯಾಹ್ನ ನಾನು ಶಾಲೆಯಲ್ಲಿರುವಾಗ ಅವರು ಮೊದಲು ತಣ್ಣನೆಯ ಊಟವನ್ನೇ ಮಾಡುತ್ತಿದ್ದರು. ಬಗ್ಗಿ ಗ್ಯಾಸ್ ಹಚ್ಚಲು ಅವರಿಗೆ ಆಗುತ್ತಿರಲಿಲ್ಲ, ನೆರೆಯವರನ್ನು ಕರೆಯಲು ಸಂಕೋಚ. ಇದನ್ನು ಅವರು ನನಗೆ ಒಮ್ಮೆಯೂ ಹೇಳಿರಲಿಲ್ಲ. ಹಸಿರು ಗುಂಡಿ ಒತ್ತಲು ಕಲಿತ ಮೇಲೆ ಒಂದು ಸಂಜೆ, "ಇಂದು ಬಿಸಿ ಬಿಸಿ ಗಂಜಿ ಕುಡಿದೆ" ಎಂದಾಗಲೇ ನನಗೆ ತಿಳಿದದ್ದು.

ಗೇಟಿನ ಬಳಿ ನಿಂತಿದ್ದ ಆ ಸಹೋದರಿಗೆ ಇಷ್ಟನ್ನೂ ಹೇಳಲು ಅಂದು ಹೊತ್ತಿರಲಿಲ್ಲ. "ಪೆಟ್ಟಿಗೆ ಬಿಚ್ಚಿ, ಹೆದರಬೇಡಿ. ಮೊದಲು ಕೈಪಿಡಿ ಓದಿ, ಒಂದು ಗಾಜಿನ ಬಟ್ಟಲು ಕೊಳ್ಳಿ" ಎಂದೆ. ಅವರು ತಲೆಯಾಡಿಸಿ ಹೊರಟರು. ನಾಲ್ಕು ಹೆಜ್ಜೆ ಹೋದ ಮೇಲೆ ನಾನೇ ಅವರನ್ನು ಮತ್ತೆ ಕರೆದು, "ಮನೆಯಲ್ಲಿ ವಯಸ್ಸಾದವರು ಇದ್ದಾರಾ?" ಎಂದು ಕೇಳಿದೆ.

"ಉಮ್ಮ ಇದ್ದಾರೆ" ಎಂದರು.

"ಹಾಗಾದರೆ ಅವರಿಗೂ ಕಲಿಸಿಕೊಡಿ" ಎಂದೆ.